ಯಾರ ಹತ್ತಿರ ಉಂಟು? ಹಲವು ಕ್ಯಾಶ್ ಸರ್ವರ್‌ಗಳ ನಡುವೆ ವೆಬ್ ಟ್ರಾಫಿಕ್ ಹಂಚುವ ಬಗ್ಗೆ

ಉಡುಪಿಯಲ್ಲಿ ನೆಟ್‌ವರ್ಕ್ ಕೆಲಸದವರು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ.

2004ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಎರಡನೇ ಸರ್ವೀಸ್ ಪ್ಯಾಕ್ ಬಂತು. ಪೂರ್ತಿ ಫೈಲು 266 ಎಂಬಿ. ಈಗ ನಿಮ್ಮ ಫೋನಿನ ಒಂದು ಗೇಮ್ ಅದಕ್ಕಿಂತ ದೊಡ್ಡದಿರುತ್ತದೆ. ಆಗ ನಾನು ಈ ಜಿಲ್ಲೆಯ ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಇಡೀ ಕಾಲೇಜಿಗೆ, ಹಾಸ್ಟೆಲ್ಲೂ ಸೇರಿ, ಇದ್ದದ್ದು 2 ಎಂಬಿಪಿಎಸ್‌ನ ಒಂದೇ ಲೀಸ್ಡ್ ಲೈನ್. ಲೆಕ್ಕ ಹಾಕಿ ನೋಡಿ. 266 ಎಂಬಿಯನ್ನು 8ರಿಂದ ಗುಣಿಸಿದರೆ 2128 ಮೆಗಾಬಿಟ್. 2ರಿಂದ ಭಾಗಿಸಿದರೆ 1064 ಸೆಕೆಂಡು. ಬೇರೆ ಯಾರೂ ಲೈನ್ ಮುಟ್ಟದೆ ಕುಳಿತರೂ ಸುಮಾರು 18 ನಿಮಿಷ ಬೇಕು.

ನಮ್ಮಲ್ಲಿ ಸ್ಕ್ವಿಡ್ ಅನ್ನುವ ಸಾಫ್ಟ್‌ವೇರ್ ಹಾಕಿದ ಮೂರು ಪ್ರಾಕ್ಸಿ ಸರ್ವರ್‌ಗಳಿದ್ದವು, ಅಂದರೆ ನಮ್ಮ ಕಂಪ್ಯೂಟರ್‌ಗಳಿಗೂ ಹೊರಗಿನ ಇಂಟರ್‌ನೆಟ್ಟಿಗೂ ನಡುವೆ ಕೂರುವ ಮೆಷಿನ್‌ಗಳು. ಒಬ್ಬರು ತರಿಸಿದ ಫೈಲನ್ನು ತಮ್ಮ ಡಿಸ್ಕಿನಲ್ಲಿ ಇಟ್ಟುಕೊಂಡು, ಮುಂದೆ ಕೇಳಿದವರಿಗೆ ಒಳಗಿನಿಂದಲೇ ಕೊಡುವುದು ಅವುಗಳ ಕೆಲಸ. ಹೀಗೆ ಇಟ್ಟುಕೊಂಡು ಕೊಡುವ ಸರ್ವರ್‌ಗೆ ಕ್ಯಾಶ್ ಅನ್ನುತ್ತಾರೆ. ಸ್ಕ್ವಿಡ್ ತಾನಾಗಿ 4 ಎಂಬಿಗಿಂತ ದೊಡ್ಡ ಫೈಲನ್ನು ಇಟ್ಟುಕೊಳ್ಳುವುದಿಲ್ಲ. ಆ ಮಿತಿಯನ್ನು ಮೊದಲೇ ಏರಿಸಿದ್ದೆ. ಹಾಗಾಗಿ ಆ ಫೈಲು ಹೊರಗಿನಿಂದ ಒಂದೇ ಸಲ ಬರುತ್ತದೆ ಅಂತ ನಂಬಿದ್ದೆ. ಸಂಜೆ ಲಾಗ್ ತೆರೆದು ನೋಡಿದರೆ ಮೂರು ಸಲ ಬಂದಿತ್ತು. ಒಂದೊಂದು ಸರ್ವರ್‌ಗೆ ಒಂದೊಂದು ಸಲ. 18 ನಿಮಿಷದಲ್ಲಿ ಮುಗಿಯಬೇಕಾದ್ದಕ್ಕೆ 53 ನಿಮಿಷದ ಲೈನ್ ಹೋಗಿತ್ತು.

ಸರ್ವರ್‌ಗಳು ಸರಿಯಾಗಿಯೇ ಕೆಲಸ ಮಾಡಿದ್ದವು. ತಪ್ಪಿದ್ದು ನಾನು ಜನರನ್ನು ಅವುಗಳ ನಡುವೆ ಹಂಚಿದ ರೀತಿಯಲ್ಲಿ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ನಾನು ಮಾಡಿದ್ದು ಎಲ್ಲರೂ ಮೊದಲು ಮಾಡುವಂಥದ್ದೇ. ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ವ್ಯವಸ್ಥೆಯಲ್ಲಿ, ಪ್ರಾಕ್ಸಿ ಅಂತ ಒಂದು ಹೆಸರು, ಅದಕ್ಕೆ ಮೂರು ಐಪಿ ವಿಳಾಸ. ಕೇಳಿದಾಗಲೆಲ್ಲ ಡಿಎನ್‌ಎಸ್ ಆ ಮೂರನ್ನು ಸರದಿ ತಿರುಗಿಸಿ ಕೊಡುತ್ತದೆ. ಮೊದಲನೆಯವರಿಗೆ ಒಂದನೇ ಸರ್ವರ್, ಮುಂದಿನವರಿಗೆ ಎರಡನೆಯದು, ಆಮೇಲೆ ಮೂರನೆಯದು. ಇದಕ್ಕೆ ರೌಂಡ್ ರಾಬಿನ್ ಅನ್ನುತ್ತಾರೆ. ಉಡುಪಿಯವರಿಗೆ ಇದನ್ನು ವಿವರಿಸಲೇಬೇಕಿಲ್ಲ, ಅಲ್ವಾ? ಕೃಷ್ಣ ಮಠದ ಪೂಜೆಯ ಸರದಿ, ನಮ್ಮ ಪರ್ಯಾಯ, ಅದೇ. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ, 16 ವರ್ಷಕ್ಕೆ ಒಂದು ಸುತ್ತು. ಹಿಂದೆ ಎರಡು ತಿಂಗಳಿಗೊಮ್ಮೆ ಸರದಿ ಬದಲಾಗುತ್ತಿತ್ತು. ಅದನ್ನು ಎರಡು ವರ್ಷಕ್ಕೆ ಏರಿಸಿದವರು ವಾದಿರಾಜರು. ಇದನ್ನು ಸುಮ್ನೆ ಹೇಳುತ್ತಿಲ್ಲ, ನಮ್ಮ ಕೆಲಸದಲ್ಲೂ ಇದೇ ಪ್ರಶ್ನೆ ಬರುತ್ತದೆ. ಸರದಿ ಬದಲಾದಾಗಲೆಲ್ಲ ಹೊಸಬರು ಉಗ್ರಾಣ ತುಂಬಬೇಕು, ಕಟ್ಟಿಗೆ ಒಟ್ಟಬೇಕು, ಜನರನ್ನು ಹೊಂದಿಸಬೇಕು. ಸರದಿ ಬೇಗ ಬೇಗ ಬದಲಾದಷ್ಟೂ ಆ ತಯಾರಿಯ ಖರ್ಚು ಜಾಸ್ತಿ.

ರೌಂಡ್ ರಾಬಿನ್‌ನಲ್ಲಿ ಸರದಿ ಬದಲಾಗುವುದು ಒಂದೊಂದು ಕೋರಿಕೆಗೆ. ಕೂಡಿಸುವ, ಕಳೆಯುವ ಕೆಲಸ ಮಾಡುವ ಸರ್ವರ್ ಆದರೆ ಪರವಾಗಿಲ್ಲ. ಅದಕ್ಕೆ ಹಿಂದಿನದರ ನೆನಪು ಬೇಕಾಗಿಲ್ಲ, ಖಾಲಿ ಇದ್ದವರು ಯಾರಾದರೂ ಮಾಡಬಹುದು. ಕ್ಯಾಶ್ ಹಾಗಲ್ಲ. ಅದರ ಬೆಲೆಯೆಲ್ಲ ಇರುವುದು ಅದರ ನೆನಪಿನಲ್ಲಿ. ಮೂರು ಕ್ಯಾಶ್‌ಗಳಿಗೆ ಸರದಿಯಲ್ಲಿ ಜನ ಕಳಿಸಿದರೆ, ಎಲ್ಲರೂ ಕೇಳುವ ಫೈಲುಗಳು ಮೂರರಲ್ಲೂ ಬಂದು ಕೂರುತ್ತವೆ. ಮೂರು ಡಿಸ್ಕಿಗೆ ದುಡ್ಡು ಕೊಟ್ಟು ಹೆಚ್ಚುಕಡಿಮೆ ಒಂದು ಡಿಸ್ಕಿನಷ್ಟೇ ಜಾಗ ಬಳಸಿದ ಹಾಗೆ. ಹಾಗಾಗಿ ಕೇಳಬೇಕಾದ ಪ್ರಶ್ನೆ “ಯಾರು ಖಾಲಿ ಇದ್ದಾರೆ” ಅನ್ನುವುದಲ್ಲ. “ಯಾರ ಹತ್ತಿರ ಉಂಟು” ಅನ್ನುವುದು. ಇವತ್ತು ನಾನು ಹೇಳುವುದೆಲ್ಲ ಈ ಎರಡನೇ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳೇ.

ಡಿಎನ್‌ಎಸ್ ಸರದಿಗೆ ಇನ್ನೂ ಒಂದು ತೊಂದರೆ ಉಂಟು. ಒಂದು ಸರ್ವರ್ ಸತ್ತರೂ ಡಿಎನ್‌ಎಸ್‌ಗೆ ಗೊತ್ತಾಗುವುದಿಲ್ಲ. ಮೂವರಲ್ಲಿ ಒಬ್ಬರನ್ನು ಸತ್ತ ವಿಳಾಸಕ್ಕೇ ಕಳಿಸುತ್ತಾ ಇರುತ್ತದೆ. ನೀವು ದಾಖಲೆ ತಿದ್ದಿದರೂ ಹಳೆಯ ಉತ್ತರ ಅವರವರ ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಸರಿ, ಯಾರ ಹತ್ತಿರ ಉಂಟು ಅಂತ ತಿಳಿಯುವುದು ಹೇಗೆ? ಮೊದಲ ಉತ್ತರ: ಕೇಳುವುದು. ಪಕ್ಕದ ಮನೆಗೆ ಹೋಗಿ “ಹೆಪ್ಪಿಗೆ ಒಂದು ಚಮಚ ಮೊಸರು ಉಂಟಾ” ಅಂತ ಕೇಳುತ್ತೇವಲ್ಲ, ಹಾಗೆ. ಇದಕ್ಕೆ ಐಸಿಪಿ ಅನ್ನುವ ಪ್ರೋಟೋಕಾಲ್ ಉಂಟು. 1997ರಲ್ಲಿ ಆರ್‌ಎಫ್‌ಸಿ ಅನ್ನುವ ಇಂಟರ್‌ನೆಟ್ ದಾಖಲೆಗಳ ಸಾಲಿನಲ್ಲಿ 2186 ಮತ್ತು 2187 ಆಗಿ ಬಂತು. ನನ್ನ ಹತ್ತಿರ ಈ ಪುಟ ಇಲ್ಲದಿದ್ದರೆ ಅಕ್ಕಪಕ್ಕದ ಸರ್ವರ್‌ಗಳಿಗೆ 3130ನೇ ಪೋರ್ಟಿನಲ್ಲಿ ಒಂದು ಪುಟ್ಟ ಯುಡಿಪಿ ಪ್ಯಾಕೆಟ್ ಕಳಿಸುತ್ತೇನೆ. ಇದ್ದವರು ಹಿಟ್ ಅನ್ನುತ್ತಾರೆ, ಇಲ್ಲದವರು ಮಿಸ್ ಅನ್ನುತ್ತಾರೆ. ಸರ್ವೀಸ್ ಪ್ಯಾಕಿನ ಘಟನೆ ಆದ ಮೇಲೆ ನಾನು ಮೊದಲು ಮಾಡಿದ್ದು ಇದನ್ನೇ. ಮೂರನ್ನೂ ಒಂದಕ್ಕೊಂದು ನೆರೆಯವರನ್ನಾಗಿ ಮಾಡಿದೆ. ಸ್ಕ್ವಿಡ್ ಭಾಷೆಯಲ್ಲಿ ಸಿಬ್ಲಿಂಗ್. ಹೊರಗಿನ ಲೈನಿನ ಹೊರೆ ಕೂಡಲೇ ಇಳಿಯಿತು.

ಆದರೆ ಎರಡು ವಿಷಯ ಕಾಡಿತು. ಎಲ್ಲೂ ಇಲ್ಲದ ಪುಟಕ್ಕೂ ಮೊದಲು ಎಲ್ಲರನ್ನೂ ಕೇಳಿ, ಉತ್ತರಕ್ಕೆ ಕಾಯಬೇಕು. ಒಂದು ಸರ್ವರ್ ಮಲಗಿದ್ದರೆ ಆ ಕಾಯುವಿಕೆ ಕಣ್ಣಿಗೆ ಕಾಣುವಷ್ಟಾಗುತ್ತದೆ. ಇನ್ನೊಂದು, ಪಕ್ಕದವರಿಂದ ತಂದದ್ದನ್ನು ನಾನೂ ಇಟ್ಟುಕೊಂಡರೆ ಮತ್ತೆ ಮೂರು ಪ್ರತಿ ಆಗುತ್ತದೆ. ಅದನ್ನು ತಡೆಯಲು ಪ್ರಾಕ್ಸಿ ಓನ್ಲಿ ಅನ್ನುವ ಸೆಟ್ಟಿಂಗ್ ಉಂಟು, ಹಾಕಿದೆ. ಸರ್ವರ್‌ಗಳ ಸಂಖ್ಯೆ ಏರಿದಷ್ಟೂ ಈ ಕೇಳಾಟ ಏರುತ್ತದೆ. ಸ್ಕ್ವಿಡ್‌ನವರು ಇದಕ್ಕೆ ಕ್ಯಾಶ್ ಡೈಜೆಸ್ಟ್ ಅಂತ ಒಂದು ಉಪಾಯ ಮಾಡಿದರು. ನನ್ನ ಹತ್ತಿರ ಏನೇನು ಉಂಟು ಅನ್ನುವುದರ ಒತ್ತಿ ಚಿಕ್ಕದು ಮಾಡಿದ ಪಟ್ಟಿಯನ್ನು ಪಕ್ಕದವರಿಗೆ ಕೊಟ್ಟುಬಿಡುವುದು. ಸ್ಕ್ವಿಡ್ ಅದನ್ನು ತಾನಾಗಿ ಗಂಟೆಗೊಮ್ಮೆ ಹೊಸದಾಗಿ ಮಾಡುತ್ತದೆ. ಹಿಂದಿರುವುದು ಬ್ಲೂಮ್ ಫಿಲ್ಟರ್, 1970ರ ಹಳೆಯ ಯೋಚನೆ. ಚೆನ್ನಾಗಿದೆ. ಆದರೆ ಪಟ್ಟಿ ಒಂದು ಗಂಟೆಯಷ್ಟು ಹಳತಾಗಿರಬಹುದು.

ಎರಡನೇ ಉತ್ತರ ನನಗೆ ತುಂಬ ಇಷ್ಟ. ಯಾರನ್ನೂ ಕೇಳದೆ, ಯಾವ ಪಟ್ಟಿಯೂ ಇಲ್ಲದೆ, ಈ ಪುಟ ಯಾರ ಹತ್ತಿರ ಇರಬೇಕು ಅಂತ ಲೆಕ್ಕದಿಂದಲೇ ಹೇಳುವುದು. ಯುಆರ್‌ಎಲ್, ಅಂದರೆ ಪುಟದ ಪೂರ್ತಿ ವಿಳಾಸ, ತಗೊಳ್ಳಿ. ಅದರ ಅಕ್ಷರಗಳನ್ನೆಲ್ಲ ಒಂದು ಲೆಕ್ಕಕ್ಕೆ ಹಾಕಿ ಒಂದು ದೊಡ್ಡ ಸಂಖ್ಯೆ ಮಾಡಿ. ಇದೇ ಹ್ಯಾಷ್. ಅದೇ ಯುಆರ್‌ಎಲ್‌ಗೆ ಯಾವ ದಿನ, ಯಾವ ಕಂಪ್ಯೂಟರಿನಲ್ಲಿ ಮಾಡಿದರೂ ಅದೇ ಸಂಖ್ಯೆ. ಒಂದು ಅಕ್ಷರ ಬದಲಾದರೆ ಎಲ್ಲೋ ದೂರದ ಬೇರೆ ಸಂಖ್ಯೆ. ಈ ಸಂಖ್ಯೆಯನ್ನು 3ರಿಂದ ಭಾಗಿಸಿ ಶೇಷ ನೋಡಿ. 0 ಬಂದರೆ ಒಂದನೇ ಸರ್ವರ್, 1 ಬಂದರೆ ಎರಡನೆಯದು, 2 ಬಂದರೆ ಮೂರನೆಯದು. ಈಗ ಸರ್ವೀಸ್ ಪ್ಯಾಕ್ ಯಾರು ಕೇಳಿದರೂ ಒಂದೇ ಸರ್ವರ್‌ಗೆ ಹೋಗುತ್ತದೆ. ಒಂದೇ ಪ್ರತಿ. ಮೂರು ಡಿಸ್ಕೂ ಸೇರಿ ಒಂದು ದೊಡ್ಡ ಡಿಸ್ಕಾದ ಹಾಗೆ.

ಇಲ್ಲಿ ಒಂದು ಮಾತು. ಜಾಗ ಮೂರು ಪಟ್ಟಾದರೆ ಹಿಟ್ ಮೂರು ಪಟ್ಟಾಗುತ್ತದೆ ಅಂದುಕೊಳ್ಳಬೇಡಿ. ಜನ ಕೇಳುವ ಪುಟಗಳಲ್ಲಿ ಕೆಲವೇ ಕೆಲವು ತುಂಬ ಸಲ ಬರುತ್ತವೆ, ಉಳಿದ ಲಕ್ಷಾಂತರ ಪುಟಗಳು ಒಂದೆರಡು ಸಲ ಮಾತ್ರ. ಜಾಗ ಬೆಳೆದ ಹಾಗೆ ಹಿಟ್ ಲಾಗರಿದಮ್ ಗತಿಯಲ್ಲಿ ನಿಧಾನಕ್ಕೆ ಏರುತ್ತದೆ ಅಂತ 1999ರಲ್ಲಿ ಬ್ರೆಸ್ಲಾವ್ ಮತ್ತು ಜೊತೆಯವರು ನಿಜವಾದ ಪ್ರಾಕ್ಸಿ ಲಾಗ್‌ಗಳನ್ನು ನೋಡಿ ತೋರಿಸಿದರು. ನಮ್ಮಲ್ಲೂ ಹಿಟ್ ಸ್ವಲ್ಪವೇ ಏರಿತು. ಆದರೆ ದೊಡ್ಡ ಫೈಲುಗಳು ಮೂರು ಸಲ ಬರುವುದು ನಿಂತಿತಲ್ಲ, ಲೈನಿಗೆ ಉಸಿರು ಬಂದದ್ದು ಅದರಿಂದ.

ಈಗ ಶೇಷದ ಲೆಕ್ಕದಲ್ಲಿರುವ ಗುಂಡಿ ನೋಡೋಣ. ಪೆನ್ನು ಇದ್ದವರು ಬರೆದುಕೊಳ್ಳಿ. ಮೂರನೇ ಸರ್ವರ್ ಸತ್ತಿತು, ಇನ್ನು 2ರಿಂದ ಭಾಗಿಸಬೇಕು. 0ಯಿಂದ 5ರವರೆಗೆ ಸಂಖ್ಯೆ ಬರೆಯಿರಿ. 3ರಿಂದ ಭಾಗಿಸಿದರೆ ಶೇಷ 0, 1, 2, 0, 1, 2. 2ರಿಂದ ಭಾಗಿಸಿದರೆ 0, 1, 0, 1, 0, 1. ಎರಡರಲ್ಲೂ ಒಂದೇ ಇರುವುದು ಯಾವುದು? ಮೊದಲ ಎರಡು ಮಾತ್ರ. ಆರರಲ್ಲಿ ಎರಡು. ಸತ್ತದ್ದು ಮೂರರಲ್ಲಿ ಒಂದು ಸರ್ವರ್, ಹಾಗಾಗಿ ಮೂರರಲ್ಲಿ ಒಂದು ಪಾಲು ಪುಟಗಳು ಜಾಗ ಬದಲಿಸುವುದು ಸಹಜ. ಆದರೆ ಇಲ್ಲಿ ಬದಲಿಸಿದ್ದು ಮೂರರಲ್ಲಿ ಎರಡು ಪಾಲು. ಬದುಕಿರುವ ಸರ್ವರ್‌ಗಳೂ ತಮ್ಮ ಹತ್ತಿರ ಇರುವುದನ್ನು ಬಿಟ್ಟು ಇಲ್ಲದ್ದನ್ನು ಹುಡುಕುವ ಹಾಗಾಯಿತು. ಹೊಸ ಸರ್ವರ್ ಸೇರಿಸಿ ಮೂರನ್ನು ನಾಲ್ಕು ಮಾಡಿದರೆ ಇನ್ನೂ ಕೆಟ್ಟದು, ನಾಲ್ಕರಲ್ಲಿ ಮೂರು ಪಾಲು ಜಾಗ ಬದಲಿಸುತ್ತದೆ. ಮನೆಗೆ ಹೋಗಿ 0ಯಿಂದ 11ರವರೆಗೆ ಬರೆದು ನೋಡಿ. ಸಹಾಯ ಆಗಲಿ ಅಂತ ಸರ್ವರ್ ತಂದ ದಿನವೇ ಲೈನ್ ಕಟ್ಟಿಕೊಳ್ಳುತ್ತದೆ. ನೂರಾರು ಜನ ಕಾದು ಕುಳಿತಿರುವಾಗ ಇದು ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ.

ಇದಕ್ಕೆ ಪರಿಹಾರ ಹೇಳಲು ನಿಮ್ಮನ್ನು ರಥಬೀದಿಗೆ ಕರೆದುಕೊಂಡು ಹೋಗುತ್ತೇನೆ. ಇಲ್ಲಿಂದ ನಡೆದರೆ ಹತ್ತಿರವೇ. ದೇವಸ್ಥಾನದ ಸುತ್ತ ಬೀದಿ, ಬೀದಿಯ ಸುತ್ತ ಎಂಟು ಮಠ. ಮನಸ್ಸಿನಲ್ಲೇ ಒಂದು ಏರ್ಪಾಡು ಮಾಡೋಣ. ಊಟಕ್ಕೆ ಬಂದ ಪ್ರತಿಯೊಬ್ಬರ ಹೆಸರಿನ ಹ್ಯಾಷ್ ತೆಗೆದು, ಆ ಸಂಖ್ಯೆ ಬೀದಿಯಲ್ಲಿ ಯಾವ ಜಾಗ ತೋರಿಸುತ್ತದೋ ಅಲ್ಲಿ ಅವರನ್ನು ನಿಲ್ಲಿಸುತ್ತೇವೆ. ಅಲ್ಲಿಂದ ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆಯಬೇಕು. ಮೊದಲು ಸಿಗುವ ಮಠದಲ್ಲಿ ಎಲೆ ಹಾಕುತ್ತಾರೆ. ಇವತ್ತು ಒಂದು ಮಠದ ಬಾಗಿಲು ಹಾಕಿದೆ ಅಂದುಕೊಳ್ಳಿ. ಅಲ್ಲಿಗೆ ಬರುತ್ತಿದ್ದವರು ಮುಂದಿನ ಮಠದವರೆಗೆ ನಡೆಯುತ್ತಾರೆ. ಉಳಿದ ಏಳು ಮಠಗಳಲ್ಲಿ ಊಟ ಮಾಡುತ್ತಿದ್ದವರಲ್ಲಿ ಒಬ್ಬರೂ ಜಾಗ ಬದಲಿಸಬೇಕಿಲ್ಲ. ಬಾಗಿಲು ತೆರೆದ ದಿನ ಹೋದವರು ವಾಪಸು ಬರುತ್ತಾರೆ. ಅಷ್ಟೇ.

ಇದೇ ಕನ್ಸಿಸ್ಟೆಂಟ್ ಹ್ಯಾಷಿಂಗ್. ಜನ ಅಂದರೆ ಯುಆರ್‌ಎಲ್, ಮಠ ಅಂದರೆ ಕ್ಯಾಶ್ ಸರ್ವರ್, ಬೀದಿ ಅಂದರೆ ಸಂಖ್ಯೆಗಳ ಉಂಗುರ. ಆದರೆ ಬಾಗಿಲು ಹಾಕಿದ ಮಠದ ಜನರೆಲ್ಲ ಪಕ್ಕದ ಒಂದೇ ಮಠದ ಮೇಲೆ ಬಿದ್ದರು, ಅಲ್ವಾ? ಮಠಗಳ ನಡುವಿನ ದೂರವೂ ಒಂದೇ ಸಮ ಇರುವುದಿಲ್ಲ, ಹಾಗಾಗಿ ಕೆಲವರಿಗೆ ಮೊದಲೇ ಜನ ಜಾಸ್ತಿ. ಅದಕ್ಕೆ ಒಂದೊಂದು ಮಠದ ಹೆಸರಿನ ನೂರು ನೂರೈವತ್ತು ಫಲಕ ಮಾಡಿ ಬೀದಿಯುದ್ದಕ್ಕೂ ಅಲ್ಲಲ್ಲಿ ನೆಡುತ್ತೇವೆ. ನಡೆಯುವಾಗ ಮೊದಲು ಸಿಗುವ ಫಲಕದಲ್ಲಿ ಯಾರ ಹೆಸರಿದೆಯೋ ಅಲ್ಲಿ ಊಟ. ಈಗ ಒಂದು ಮಠದ ಫಲಕಗಳನ್ನೆಲ್ಲ ಕಿತ್ತರೂ ಅದರ ಜನ ಉಳಿದ ಏಳಕ್ಕೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತಾರೆ. ಕೆಟಮಾ ಅನ್ನುವ ಹೆಸರುವಾಸಿ ಲೈಬ್ರರಿಯಲ್ಲಿ ಒಂದು ಸರ್ವರ್‌ಗೆ ಇಂಥ 160 ಬಿಂದುಗಳಿರುತ್ತವೆ. ದೊಡ್ಡ ಡಿಸ್ಕಿನ ಸರ್ವರ್ ಆದರೆ ಫಲಕ ಜಾಸ್ತಿ ನೆಟ್ಟರಾಯಿತು.

ಈ ಯೋಚನೆ ಹುಟ್ಟಿದ್ದೇ ವೆಬ್ ಕ್ಯಾಶ್‌ಗಳಿಗಾಗಿ. 1997ರಲ್ಲಿ ಎಂಐಟಿಯ ಡೇವಿಡ್ ಕಾರ್ಗರ್, ಟಾಮ್ ಲೇಟನ್, ಡ್ಯಾನಿಯಲ್ ಲೆವಿನ್ ಮತ್ತು ಗೆಳೆಯರು ಇದರ ಪ್ರಬಂಧ ಬರೆದರು. ಒಂದು ಪುಟಕ್ಕೆ ಜನ ಒಮ್ಮೆಲೇ ಮುಗಿಬಿದ್ದರೆ ಏನು ಮಾಡುವುದು ಅನ್ನುವುದು ಅವರ ಪ್ರಶ್ನೆ. 1998ರಲ್ಲಿ ಲೇಟನ್ ಮತ್ತು ಲೆವಿನ್ ಇದರ ಮೇಲೆ ಅಕಾಮೈ ಕಂಪನಿ ಕಟ್ಟಿದರು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಕಟ್ಟಡಕ್ಕೆ ಅಪ್ಪಳಿಸಿದ ಮೊದಲ ವಿಮಾನದಲ್ಲಿ ಲೆವಿನ್ ಇದ್ದರು. ಆಗ ಅವರಿಗೆ 31 ವರ್ಷ. ಆ ದಿನ ಸುದ್ದಿಗಾಗಿ ಜಗತ್ತೇ ಇಂಟರ್‌ನೆಟ್ಟಿಗೆ ಮುಗಿಬಿತ್ತು. ಆ ಹೊರೆಯಲ್ಲಿ ದೊಡ್ಡ ಪಾಲು ಹೊತ್ತದ್ದು ಅವರು ಕಟ್ಟಿದ ಜಾಲ. ಈ ಪಾಠ ಮಾಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕಾರ್ಗರ್ ಮತ್ತು ಗೆಳೆಯರ ಪ್ರಬಂಧಕ್ಕೂ ಒಂದು ವರ್ಷ ಮೊದಲು, 1996ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ಡೇವಿಡ್ ಥೇಲರ್ ಮತ್ತು ಚಿನ್ಯ ರವಿಶಂಕರ್ ಇನ್ನೊಂದು ದಾರಿ ಹೇಳಿದ್ದರು. ನನಗೆ ಕೇಳಿದರೆ ಸಣ್ಣ ಜಾಲಗಳಿಗೆ ಇದೇ ಒಳ್ಳೆಯದು. ಇದಕ್ಕೆ ರಥಬೀದಿ ಬೇಡ, ಮಲ್ಪೆಗೆ ಹೋಗೋಣ.

ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಮೀನು ಏಲಂ ನೋಡಿದ್ದೀರಲ್ಲ? ಬೋಟಿನಿಂದ ಬಂಗುಡೆ ಬುಟ್ಟಿ ಇಳಿಯುತ್ತದೆ. ಸುತ್ತ ನಿಂತವರು ಒಬ್ಬೊಬ್ಬರು ಒಂದೊಂದು ರೇಟು ಕೂಗುತ್ತಾರೆ. ಹೆಚ್ಚು ಕೂಗಿದವರಿಗೆ ಬುಟ್ಟಿ. ಈಗ ಬುಟ್ಟಿಯ ಜಾಗದಲ್ಲಿ ಯುಆರ್‌ಎಲ್ ಇಡಿ. ಯುಆರ್‌ಎಲ್ ಮತ್ತು ಒಂದನೇ ಸರ್ವರಿನ ಹೆಸರು, ಎರಡನ್ನೂ ಸೇರಿಸಿ ಹ್ಯಾಷ್ ಮಾಡಿದರೆ ಬರುವ ಸಂಖ್ಯೆ ಆ ಸರ್ವರ್ ಕೂಗಿದ ರೇಟು. ಹಾಗೆಯೇ ಎರಡನೆಯದಕ್ಕೆ, ಮೂರನೆಯದಕ್ಕೆ. ಯಾರ ಸಂಖ್ಯೆ ದೊಡ್ಡದೋ ಅವರ ಹತ್ತಿರ ಆ ಪುಟ. ಒಬ್ಬರು ಇವತ್ತು ಬಂದಿಲ್ಲವೋ? ಅವರು ಗೆಲ್ಲುತ್ತಿದ್ದ ಬುಟ್ಟಿಗಳು ಮಾತ್ರ ಎರಡನೇ ರೇಟು ಕೂಗಿದವರಿಗೆ ಹೋಗುತ್ತವೆ. ಅವರು ಹೇಗೂ ಸೋಲುತ್ತಿದ್ದ ಬುಟ್ಟಿಗಳಲ್ಲಿ ಏನೂ ಬದಲಾಗುವುದಿಲ್ಲ. ಉಂಗುರ ಬೇಡ, ಫಲಕ ಬೇಡ. ನಾಲ್ಕು ಸಾಲಿನ ಪ್ರೋಗ್ರಾಮ್ ಸಾಕು.

ಇದನ್ನೇ ಹಿಡಿದು ಮೈಕ್ರೋಸಾಫ್ಟ್‌ನವರು ತಮ್ಮ ಪ್ರಾಕ್ಸಿ ಸರ್ವರ್ 2.0ರಲ್ಲಿ ಕಾರ್ಪ್ ಅನ್ನುವ ಪ್ರೋಟೋಕಾಲ್ ತಂದರು. ಪೂರ್ತಿ ಹೆಸರು ಕ್ಯಾಶ್ ಅರೇ ರೂಟಿಂಗ್ ಪ್ರೋಟೋಕಾಲ್. ಸ್ಕ್ವಿಡ್‌ನಲ್ಲೂ ಅದು ಉಂಟು. ಕ್ಯಾಶ್ ಪೀರ್ ಸಾಲಿನ ಕೊನೆಯಲ್ಲಿ ಕಾರ್ಪ್ ಅಂತ ಒಂದು ಪದ ಬರೆದರೆ ಆಯಿತು.

ಈ ಲೆಕ್ಕ ಮಾಡುವವರು ಯಾರು? ಮುಂದೆ ಒಂದು ಲೋಡ್ ಬ್ಯಾಲೆನ್ಸರ್, ಅಂದರೆ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಮೆಷಿನ್, ಇಡಬಹುದು. ರೂಟರ್‌ಗೇ ವಹಿಸಬಹುದು. ಸಿಸ್ಕೋದ ಡಬ್ಲ್ಯೂಸಿಸಿಪಿಯಲ್ಲಿ ರೂಟರ್ ಎಲ್ಲ ವಿಳಾಸಗಳನ್ನು 256 ಬಕೆಟ್ ಮಾಡಿ ಕ್ಯಾಶ್‌ಗಳಿಗೆ ಹಂಚುತ್ತದೆ. ಕ್ಯಾಶ್‌ಗಳು 10 ಸೆಕೆಂಡಿಗೊಮ್ಮೆ “ಹಿಯರ್ ಐ ಆಮ್” ಅನ್ನುವ ಸಂದೇಶ ಕಳಿಸುತ್ತವೆ, ಕ್ಲಾಸಿನಲ್ಲಿ ಹಾಜರಿ ಹೇಳಿದ ಹಾಗೆ. ಹೇಳುವುದು ನಿಂತರೆ ಅದರ ಬಕೆಟ್‌ಗಳು ಬೇರೆಯವರಿಗೆ.

ನಮ್ಮಲ್ಲಿ ಅಂಥ ರೂಟರಿಗೆ ದುಡ್ಡಿರಲಿಲ್ಲ. ಲೆಕ್ಕವನ್ನು ಬ್ರೌಸರಿನಿಂದಲೇ ಮಾಡಿಸಿದೆವು. ಪ್ಯಾಕ್ ಫೈಲ್ ಅಂತ ಉಂಟು. ನೆಟ್‌ಸ್ಕೇಪ್‌ನವರು 1996ರಲ್ಲಿ ತಂದದ್ದು. ಒಂದು ಜಾವಾಸ್ಕ್ರಿಪ್ಟ್ ಫಂಕ್ಷನ್ ಅಷ್ಟೇ. ಬ್ರೌಸರ್ ಯಾವ ಯುಆರ್‌ಎಲ್‌ಗೆ ಹೋಗುವ ಮೊದಲೂ ಅದನ್ನು ಕೇಳುತ್ತದೆ, ಅದು ಯಾವ ಪ್ರಾಕ್ಸಿಗೆ ಹೋಗಬೇಕು ಅಂತ ಹೇಳುತ್ತದೆ. ಅದರ ಚಂದ ಏನೆಂದರೆ ಒಂದೇ ಪ್ರಾಕ್ಸಿ ಹೇಳಬೇಕಿಲ್ಲ, ಸಾಲಾಗಿ ಹೇಳಬಹುದು. ಮೊದಲನೆಯದು ಸಿಗದಿದ್ದರೆ ಎರಡನೆಯದು, ಅದೂ ಸಿಗದಿದ್ದರೆ ಮೂರನೆಯದು. ಮಲ್ಪೆಯ ಏಲಂ ಲೆಕ್ಕವನ್ನು ಅದರಲ್ಲಿ ಬರೆದು, ಮೂರು ಸರ್ವರ್‌ಗಳನ್ನು ಅವುಗಳ ರೇಟಿನ ಕ್ರಮದಲ್ಲಿ ಇಳಿಸಿ ಕೊಟ್ಟೆ. ಸರ್ವರ್ ಸತ್ತಾಗ ಎಲ್ಲಿಗೆ ಹೋಗಬೇಕು ಅನ್ನುವುದೂ ಆ ಲೆಕ್ಕದ ಒಳಗೇ ಬಂತು. ಹೊಸ ಮೆಷಿನ್ ಒಂದೂ ಬೇಕಾಗಲಿಲ್ಲ.

ಆಮೇಲೆ ಬಂದ ತೊಂದರೆ ನಾನು ಎಣಿಸಿಯೇ ಇರದದ್ದು. ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದ ಒಬ್ಬ ಮೇಡಂ ಇದ್ದರು. ಅವರು ಬ್ಯಾಂಕಿನ ಸೈಟಿಗೆ ಲಾಗಿನ್ ಆದರೆ ಎರಡನೇ ಪುಟಕ್ಕೆ ಹೊರಗೆ ಹಾಕುತ್ತಿತ್ತು. ಮೂರು ದಿನ ಅವರು ಪಾಸ್‌ವರ್ಡ್ ತಪ್ಪಾಗಿದೆ ಅಂತಲೇ ತಿಳಿದು ಬದಲಿಸುತ್ತಾ ಇದ್ದರು. ಕೊನೆಗೆ ನನ್ನ ಹತ್ತಿರ ಬಂದು, “ನೀವು ಏನಾದರೂ ಬದಲಾಯಿಸಿದ್ದೀರಾ?” ಅಂತ ಕೇಳಿದರು. ಬದಲಾಯಿಸಿದ್ದೆ. ಪೂರ್ತಿ ಯುಆರ್‌ಎಲ್‌ನ ಮೇಲೆ ಹ್ಯಾಷ್ ಮಾಡಿದರೆ ಒಂದೇ ಸೈಟಿನ ಒಂದು ಪುಟ ಒಂದನೇ ಸರ್ವರಿನಿಂದ, ಮುಂದಿನ ಪುಟ ಮೂರನೆಯದರಿಂದ ಹೋಗುತ್ತದೆ. ಮೂರಕ್ಕೂ ಹೊರಗಿನ ಐಪಿ ಬೇರೆ ಬೇರೆ. ಒಂದೇ ಲಾಗಿನ್ ಎರಡು ವಿಳಾಸದಿಂದ ಬಂದರೆ ಬ್ಯಾಂಕಿನವರು ಅನುಮಾನ ಪಡುವುದು ಸರಿಯೇ.

ಹಾಗಾದರೆ ಸೈಟಿನ ಹೆಸರಿನ ಮೇಲೆ ಮಾತ್ರ ಹ್ಯಾಷ್ ಮಾಡಿದರೆ? ಮಾಡಿದೆ. ಬ್ಯಾಂಕು ಸರಿಯಾಯಿತು. ಆಮೇಲೆ ಪರೀಕ್ಷೆಯ ಫಲಿತಾಂಶದ ದಿನ ಬಂತು. ಇಡೀ ಕಾಲೇಜು ಒಂದೇ ಸೈಟಿಗೆ ನುಗ್ಗಿತು. ಒಂದೇ ಹೆಸರು, ಒಂದೇ ಹ್ಯಾಷ್, ಒಂದೇ ಸರ್ವರ್. ಎರಡು ಸರ್ವರ್ ತಣ್ಣಗೆ ಕುಳಿತಿವೆ, ಎರಡನೆಯದು ಮಾತ್ರ ಉಸಿರುಗಟ್ಟುತ್ತಿದೆ. ಫಲಿತಾಂಶದ ಪುಟಗಳಲ್ಲಿ ಒಬ್ಬೊಬ್ಬರ ರಿಜಿಸ್ಟರ್ ನಂಬರ್ ಯುಆರ್‌ಎಲ್‌ನಲ್ಲೇ ಇತ್ತು. ಪೂರ್ತಿ ಯುಆರ್‌ಎಲ್‌ನ ಹ್ಯಾಷ್ ಆಗಿದ್ದರೆ ಮೂರಕ್ಕೂ ಚೆನ್ನಾಗಿ ಹರಡುತ್ತಿತ್ತು. ಲ್ಯಾಬಿನ ಹೊರಗೆ ಮಕ್ಕಳು ಅಳುಮುಖ ಮಾಡಿಕೊಂಡು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸೈಟಿನ ಹೆಸರಿನ ಮೇಲೆ ಮಾಡಿದರೆ ಲಾಗಿನ್ ಉಳಿಯುತ್ತದೆ, ಹೊರೆ ಒಂದೇ ಕಡೆ ಬೀಳುತ್ತದೆ. ಪೂರ್ತಿ ಯುಆರ್‌ಎಲ್ ಮೇಲೆ ಮಾಡಿದರೆ ಹೊರೆ ಹರಡುತ್ತದೆ, ಲಾಗಿನ್ ಒಡೆಯುತ್ತದೆ. ನಾನು ಕೊನೆಗೆ ಮೂರು ಸರ್ವರ್‌ಗಳನ್ನೂ ಒಂದೇ ನ್ಯಾಟ್‌ನ, ಅಂದರೆ ಒಳಗಿನ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆಯ, ಹಿಂದೆ ಇಟ್ಟು, ಹೊರಗೆ ಒಂದೇ ಐಪಿ ಕಾಣುವ ಹಾಗೆ ಮಾಡಿ, ಪೂರ್ತಿ ಯುಆರ್‌ಎಲ್‌ಗೆ ಮರಳಿದೆ. ನಿಮ್ಮಲ್ಲಿ ಅದು ಸಾಧ್ಯವಿಲ್ಲದಿದ್ದರೆ ಬ್ಯಾಂಕಿನಂಥ ಸೈಟುಗಳನ್ನು ಪ್ಯಾಕ್ ಫೈಲಿನಲ್ಲೇ ಗುರುತಿಸಿ ನೇರ ಬಿಟ್ಟುಬಿಡಿ. ಅಲ್ಲಿ ಕ್ಯಾಶ್ ಮಾಡುವಂಥದ್ದು ಹೇಗೂ ಏನೂ ಇಲ್ಲ.

ಈಗ ಮುಂದಿನ ಸಾಲಿನವರು ಕೇಳಬೇಕು ಅಂತ ಕಾಯುತ್ತಿರುವ ಪ್ರಶ್ನೆ ನನಗೆ ಗೊತ್ತು. ಈಗ ಹೆಚ್ಚುಕಡಿಮೆ ಎಲ್ಲವೂ ಎಚ್‌ಟಿಟಿಪಿಎಸ್, ಅಂದರೆ ಗುಪ್ತಲಿಪಿಯಲ್ಲಿ ಹೋಗುವ ಟ್ರಾಫಿಕ್, ನಡುವಿನ ಪ್ರಾಕ್ಸಿಗೆ ಒಳಗೇನಿದೆ ಅಂತ ಕಾಣುವುದೇ ಇಲ್ಲ. ಅದಕ್ಕೆ ಸಿಗುವುದು ಕನೆಕ್ಟ್ ಅನ್ನುವ ಕೋರಿಕೆ, ಸೈಟಿನ ಹೆಸರು, 443 ಅನ್ನುವ ಪೋರ್ಟು, ಅಷ್ಟೇ. ಪ್ಯಾಕ್ ಫೈಲಿಗೂ ಈಗಿನ ಬ್ರೌಸರ್‌ಗಳು ಅಂಥ ಯುಆರ್‌ಎಲ್‌ನ ದಾರಿಯ ಭಾಗ ಕತ್ತರಿಸಿ ಹೆಸರು ಮಾತ್ರ ಕೊಡುತ್ತವೆ. ಜನರ ಗುಟ್ಟು ಕಾಯುವ ದೃಷ್ಟಿಯಿಂದ ಅದು ಒಳ್ಳೆಯದೇ. ಹಾಗಾಗಿ ಕಾಲೇಜಿನ ಬಾಗಿಲಲ್ಲಿ ಕುಳಿತ ಕ್ಯಾಶ್‌ಗೆ ಹಳೆಯ ಕೆಲಸ ಈಗ ಉಳಿದಿಲ್ಲ. ಆದರೆ ಲೆಕ್ಕ ಸತ್ತಿಲ್ಲ, ಮನೆ ಬದಲಿಸಿದೆ. ಸೈಟು ನಡೆಸುವವರ ಕಡೆ, ಅವರ ಸರ್ವರ್‌ಗಳ ಮುಂದೆ, ವಾರ್ನಿಷ್ ಅಥವಾ ಎಂಜಿನ್‌ಎಕ್ಸ್ ಕ್ಯಾಶ್‌ಗಳ ಸಾಲು ಇರುತ್ತದೆ. ನಾರ್ವೆಯ ಒಂದು ಪತ್ರಿಕೆಯ ಸೈಟಿಗಾಗಿಯೇ 2006ರಲ್ಲಿ ವಾರ್ನಿಷ್ ಹುಟ್ಟಿದ್ದು. ಅವುಗಳ ಮುಂದೆ ಎಚ್‌ಎ ಪ್ರಾಕ್ಸಿಯಂಥ ಬ್ಯಾಲೆನ್ಸರ್. ಅದು ಸರದಿಯಲ್ಲಿ ಹಂಚಿದರೆ ಪ್ರತಿಯೊಂದು ಫೋಟೋವೂ ಎಲ್ಲ ಕ್ಯಾಶ್‌ಗಳಲ್ಲೂ ಪ್ರತಿಯಾಗುತ್ತದೆ. ನನ್ನ ಸರ್ವೀಸ್ ಪ್ಯಾಕಿನ ಕಥೆಯೇ ಅದು. ಎಚ್‌ಎ ಪ್ರಾಕ್ಸಿಯಲ್ಲಿ ಬ್ಯಾಲೆನ್ಸ್ ಯುಆರ್‌ಐ, ಹ್ಯಾಷ್ ಟೈಪ್ ಕನ್ಸಿಸ್ಟೆಂಟ್ ಅಂತ ಎರಡು ಸಾಲು ಬರೆದರೆ ರಥಬೀದಿ ತಯಾರು. ಎರಡನೇ ಸಾಲು ಮರೆತರೆ ಭಾಗಿಸಿ ಶೇಷ ನೋಡುವ ಹಳೆಯ ಲೆಕ್ಕವೇ ನಡೆಯುತ್ತದೆ. ದಯವಿಟ್ಟು ಮರೆಯಬೇಡಿ.

ಅಲ್ಲೂ ಒಂದು ಕಷ್ಟ ಉಳಿಯುತ್ತದೆ. ಒಂದೇ ಒಂದು ವಿಡಿಯೋಗೆ ಎಲ್ಲರೂ ಬಿದ್ದರೆ? ಯುಆರ್‌ಎಲ್ ಒಂದೇ, ಹಾಗಾಗಿ ಸರ್ವರ್ ಒಂದೇ. ಇದಕ್ಕೆ 2016ರಲ್ಲಿ ಗೂಗಲ್‌ನ ಸಂಶೋಧಕರು ಒಂದು ಚಿಕ್ಕ ತಿದ್ದುಪಡಿ ಹೇಳಿದರು. ಯಾವ ಮಠದಲ್ಲೂ ಸರಾಸರಿಯ ಒಂದೂಕಾಲು ಪಟ್ಟಿಗಿಂತ ಜಾಸ್ತಿ ಎಲೆ ಹಾಕುವಂತಿಲ್ಲ ಅಂತ ಒಂದು ಮಿತಿ ಇಡಿ. ಪಂಕ್ತಿ ತುಂಬಿದರೆ ಬಂದವರು ಮುಂದಿನ ಮಠಕ್ಕೆ ನಡೆಯಲಿ. ಸಾಮಾನ್ಯ ದಿನಗಳಲ್ಲಿ ಎಲ್ಲರೂ ತಮ್ಮ ಜಾಗದಲ್ಲೇ ಇರುತ್ತಾರೆ, ನೂಕುನುಗ್ಗಲಿನ ದಿನ ಮಾತ್ರ ತುಳುಕುತ್ತಾರೆ. ವಿಮಿಯೋದವರು ತಮ್ಮ ವಿಡಿಯೋ ಹಂಚಲು ಇದನ್ನು ಎಚ್‌ಎ ಪ್ರಾಕ್ಸಿಗೆ ಸೇರಿಸಿದರು. 1.7ನೇ ಆವೃತ್ತಿಯಿಂದ ಎಲ್ಲರಿಗೂ ಸಿಗುತ್ತದೆ. ಒಂದು ಸಂಖ್ಯೆ ಕೊಟ್ಟರೆ ಸಾಕು, 125 ಅಥವಾ 150.

ಇನ್ನು ಸಾವಿನ ಲೆಕ್ಕ. ಮೂರು ಸರ್ವರ್‌ಗಳಿದ್ದು ಒಂದೊಂದೂ ತನ್ನ ಶಕ್ತಿಯ ನೂರಕ್ಕೆ 60 ಓಡುತ್ತಿದ್ದರೆ, ಒಂದು ಸತ್ತಾಗ ಉಳಿದೆರಡು 90ಕ್ಕೆ ಬರುತ್ತವೆ. ಬದುಕುತ್ತವೆ. 70 ಓಡುತ್ತಿದ್ದರೆ 105. ಅಂದರೆ ಒಂದು ಸತ್ತರೆ ಮೂರೂ ಸತ್ತ ಹಾಗೆ. ಹಾಗಾಗಿ ಎಷ್ಟು ಸರ್ವರ್ ಬೇಕು ಅಂತ ನಿರ್ಧರಿಸುವಾಗ ಒಂದು ಕಮ್ಮಿ ಇದೆ ಅಂತಲೇ ಲೆಕ್ಕ ಹಾಕಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಶುರುವಾಗುವಾಗ, ಮುಗಿಯುವಾಗ ಬರುವ ಸಿಡಿಲಿಗೆ ಇದು ಪುಸ್ತಕದ ಮಾತಲ್ಲ.

ಸತ್ತದ್ದು ಹೇಗೆ ಗೊತ್ತಾಗುತ್ತದೆ ಅನ್ನುವುದೂ ಮುಖ್ಯ. ಪಿಂಗ್ ಮಾಡಿ ನೋಡಿದರೆ ಸಾಲದು. ಒಮ್ಮೆ ನಮ್ಮ ಒಂದು ಸರ್ವರಿನ ಡಿಸ್ಕು ಹಾಳಾಗುತ್ತಾ ಬಂದಿತ್ತು. ಪಿಂಗ್‌ಗೆ ಉತ್ತರ ಬರುತ್ತಿತ್ತು, ಪೋರ್ಟೂ ತೆರೆಯುತ್ತಿತ್ತು, ಪುಟ ಮಾತ್ರ ಬರುತ್ತಿರಲಿಲ್ಲ. ಪೂರ್ತಿ ಸತ್ತಿದ್ದರೆ ಬ್ರೌಸರ್ ಪಟ್ಟಿಯಲ್ಲಿ ಮುಂದಿನದಕ್ಕೆ ಹೋಗುತ್ತಿತ್ತು. ಅರೆಜೀವ ಇದ್ದದ್ದರಿಂದ ಎಲ್ಲರೂ ಕಾಯುತ್ತಾ ಕುಳಿತರು. ಅಂದಿನಿಂದ ಪ್ರತಿ ಸರ್ವರಿನ ಮೂಲಕ ಒಂದು ನಿಜವಾದ ಪುಟ ತರಿಸಿ, ಎಷ್ಟು ಹೊತ್ತಾಯಿತು ಅಂತ ಅಳೆಯುವ ಒಂದು ಸ್ಕ್ರಿಪ್ಟ್ ಇಟ್ಟೆ. ತಡವಾದರೆ ಅದು ಆ ಸರ್ವರಿನ ಸ್ಕ್ವಿಡ್ಡನ್ನೇ ನಿಲ್ಲಿಸಿಬಿಡುತ್ತಿತ್ತು. ಸರ್ವರ್ ವಾಪಸು ಬರುವಾಗಲೂ ಜಾಗ್ರತೆ ಬೇಕು. ಖಾಲಿ ಕ್ಯಾಶ್ ಇಟ್ಟುಕೊಂಡು ಬಂದವರಿಗೆ ಒಮ್ಮೆಲೇ ಪೂರ್ತಿ ಪಾಲು ಕೊಟ್ಟರೆ ಎಲ್ಲವೂ ಮಿಸ್, ಎಲ್ಲವೂ ಹೊರಗಿನ ಲೈನಿಗೆ. ಬೆಳಗಿನ ಜಾವ ಸೇರಿಸಿ, ಅಥವಾ ಪಾಲನ್ನು ನಿಧಾನಕ್ಕೆ ಏರಿಸಿ.

ಇದೆಲ್ಲ ಸರಿಯಾಗಿ ಕೂತಿದೆಯಾ ಅಂತ ನೋಡಲು ನಾವು ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆ ಮಾಡಿದೆವು. ನಾನು, ಲ್ಯಾಬಿನ ಇಬ್ಬರು ಹುಡುಗರು. ಹಾಸ್ಟೆಲ್ಲಿನವರು ಆಗಲೇ ಎದ್ದು ಕುಳಿತಿದ್ದರು, ಹಾಗಾಗಿ ಟ್ರಾಫಿಕ್ ಇತ್ತು. ಒಬ್ಬ ಹುಡುಗ ಒಂದನೇ ಸರ್ವರಿನ ಲಾಗ್ ತೆರೆದು ಕುಳಿತ, ಇನ್ನೊಬ್ಬ ಮೂರನೆಯದರ ಮುಂದೆ. ನಾನು ಎರಡನೆಯದರ ನೆಟ್‌ವರ್ಕ್ ಕೇಬಲ್ ಎಳೆದೆ. ಎರಡೂ ಲಾಗ್‌ಗಳು ಜೋರಾಗಿ ಓಡತೊಡಗಿದವು. ಮಿಸ್‌ಗಳು ಸಾಲಾಗಿ ಬಂದವು, ಅವೆಲ್ಲ ಎರಡನೆಯದರ ಪುಟಗಳು. ಅವುಗಳ ನಡುನಡುವೆ ಹಳೆಯ ಹಿಟ್‌ಗಳು ಮೊದಲಿನಂತೆಯೇ ಬರುತ್ತಿದ್ದವು. ಒಂದನೆಯದರ ಮುಂದಿದ್ದ ಹುಡುಗ ಬೆರಳಿಟ್ಟು ತೋರಿಸಿ, “ಸರ್, ಇದು ನಿನ್ನೆಯೂ ನಮ್ಮಲ್ಲೇ ಇತ್ತು, ಈಗಲೂ ಇಲ್ಲೇ ಉಂಟು” ಅಂದ. ಇಪ್ಪತ್ತು ನಿಮಿಷ ಹಾಗೇ ಬಿಟ್ಟೆವು. ಹಾಸ್ಟೆಲ್ಲಿನಿಂದ ಒಂದು ಫೋನೂ ಬರಲಿಲ್ಲ. ಆಮೇಲೆ ಕೇಬಲ್ ಸಿಕ್ಕಿಸಿ, ಮೂವರೂ ತಿಂಡಿಗೆ ಹೋದೆವು.